ಜೂಜಿನಿಂದ ಏಳುವ ಹೊತ್ತು: ಮಿತಿ ಹಾಕಿಕೊಳ್ಳುವುದು, ಮಿತಿ ಸಾಲದಿದ್ದರೆ ನಿಲ್ಲಿಸುವುದು

ಜೂಜಿನ ವಿಷಯದಲ್ಲಿ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಎಷ್ಟು ಸೋತ ಮೇಲೆ ಎದ್ದುಬಿಡಬೇಕು?" ಅದರ ಬೆನ್ನಿಗೇ ಇನ್ನೊಂದು: "ಗೆಲ್ಲುತ್ತಿರುವಾಗ ಯಾಕೆ ಏಳಬೇಕು?" ಎರಡಕ್ಕೂ ಆಟದ ಮಧ್ಯೆ ಸರಿಯಾದ ಉತ್ತರ ಹೊಳೆಯುವುದಿಲ್ಲ. ಸೋಲುತ್ತಿರುವವರಿಗೆ ಹೋದದ್ದನ್ನು ತರಬೇಕು, ಗೆಲ್ಲುತ್ತಿರುವವರಿಗೆ ಬಂದದ್ದನ್ನು ಬೆಳೆಸಬೇಕು. ಇಬ್ಬರ ಬಾಯಲ್ಲೂ ಬರುವ ಮಾತು "ಇನ್ನೊಂದೇ ಒಂದು ಆಟ". ಹಾಗಾಗಿ ಏಳುವ ಹೊತ್ತನ್ನು ಕೂರುವ ಮೊದಲೇ ಗೊತ್ತುಮಾಡಬೇಕು. ಅದನ್ನು ಕಾಯುವ ಕೆಲಸವನ್ನು ಮನಸ್ಸಿಗೆ ಬಿಡದೆ ಹೊರಗಿನ ಏರ್ಪಾಡಿಗೆ ಒಪ್ಪಿಸಬೇಕು.

ಏನೇನು ಬೇಕು: ಕಳೆದ 3 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮೊಬೈಲ್ ವ್ಯಾಲೆಟ್‌ಗಳ ವಹಿವಾಟಿನ ಪಟ್ಟಿ, ನೀವು ಆಡುವ ಪ್ರತಿ ಆ್ಯಪ್‌ನ ಖಾತೆ ವಿವರ, ಹಾಳೆ, ಪೆನ್ನು, ಯಾರೂ ಅಡ್ಡ ಬರದ ಒಂದೆರಡು ಗಂಟೆ. ಕೊನೆಯ ಹಂತಗಳಿಗೆ ಒಬ್ಬ ನಂಬಿಕಸ್ಥರೂ ಬೇಕು. ನಿಮ್ಮ ಹಣದ ಸಂಗತಿ ತಿಳಿದ ಮೇಲೆ ಅದನ್ನು ಊರಿಗೆಲ್ಲ ಸಾರದವರು.

ಎಲ್ಲರೂ ಎಲ್ಲ ಹಂತ ಓದಬೇಕಿಲ್ಲ. ಈಗಾಗಲೇ ಸಾಲ ಮಾಡಿ ಆಡುತ್ತಿದ್ದರೆ, ಹಿಂದೊಮ್ಮೆ ಚಟದಿಂದ ಹೊರಬಂದವರಾಗಿದ್ದರೆ, ಅಥವಾ ನೀವಿರುವ ಕಡೆ ಕಾನೂನು ಇದಕ್ಕೆ ಒಪ್ಪದಿದ್ದರೆ ಮಿತಿಯ ಮಾತೇ ಬೇಡ, ನೇರ 5ನೇ ಹಂತಕ್ಕೆ ಹೋಗಿ. ಔಷಧದ ಬಗ್ಗೆಯೂ ಒಂದು ಎಚ್ಚರಿಕೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್, ಮಾನಸಿಕ ಕಾಯಿಲೆಗೆ ಕೊಡುವ ಅರಿಪಿಪ್ರಜೋಲ್ ಕೆಲವರಲ್ಲಿ ಜೂಜಿನ ತಡೆಯಲಾಗದ ತುಡಿತ ಹುಟ್ಟಿಸುತ್ತವೆ. ಮಾತ್ರೆ ಶುರುವಾದ ಮೇಲೆ ಈ ಹಂಬಲ ಬಂದಿದ್ದರೆ ವೈದ್ಯರಿಗೆ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಹಂತ 1: ಹೋದದ್ದು, ಬಂದದ್ದು

ಹಾಳೆಯಲ್ಲಿ ಎರಡು ಕಾಲಂ ಹಾಕಿ. ಎಡಕ್ಕೆ ನಿಮ್ಮ ಕೈಯಿಂದ ಜೂಜಿಗೆ ಹೋದ ಪ್ರತಿ ಮೊತ್ತ, ಬಲಕ್ಕೆ ನಿಜವಾಗಿ ನಿಮ್ಮ ಬ್ಯಾಂಕ್ ಖಾತೆಗೋ ಕೈಗೋ ಬಂದ ಪ್ರತಿ ಮೊತ್ತ. ಆ್ಯಪ್‌ನ ಪರದೆಯ ಮೇಲೆ ಕಾಣುವ ಬ್ಯಾಲೆನ್ಸ್ ಬಲದ ಕಾಲಂಗೆ ಬರಬಾರದು, ಅದಿನ್ನೂ ನಿಮ್ಮ ಹಣವಾಗಿಲ್ಲ. ಕೆಳಗೆ ಕೂಡಿ, ಕಳೆದು, 3ರಿಂದ ಭಾಗಿಸಿ. ಬಂದ ಸಂಖ್ಯೆಯೇ ನಿಮ್ಮ ತಿಂಗಳ ಜೂಜಿನ ಖರ್ಚು.

ಇಲ್ಲಿ ಲೆಕ್ಕ ತಪ್ಪುವುದು ಮೂರು ಕಡೆ. ವ್ಯಾಲೆಟ್‌ಗೆ ಹಾಕಿ ಅಲ್ಲಿಂದ ಆಡಿದ ಹಣ ಸ್ಟೇಟ್‌ಮೆಂಟ್‌ನಲ್ಲಿ ಜೂಜಿನ ಹೆಸರಲ್ಲಿ ಕಾಣುವುದಿಲ್ಲ. ಆಡಲೆಂದು ತೆಗೆದ ಸಾಲದ ಬಡ್ಡಿಯನ್ನು ಬಹಳ ಮಂದಿ ಬೇರೆ ಖರ್ಚೆಂದು ಬರೆಯುತ್ತಾರೆ, ಅದೂ ಎಡದ ಕಾಲಂಗೇ ಸೇರಬೇಕು. ಮೂರನೆಯದು ನೆನಪು. ದೊಡ್ಡ ಗೆಲುವಿನ ದಿನ, ವಾರ, ಹಾಕಿದ್ದ ಅಂಗಿ ಕೂಡ ನೆನಪಿರುತ್ತದೆ. ಚಿಲ್ಲರೆಯಾಗಿ ಹೋದ ನಲವತ್ತು ಸಲ ನೆನಪಿರುವುದಿಲ್ಲ. "ಒಟ್ಟಾರೆ ಸಮಸಮ ಇದ್ದೀನಿ" ಎನ್ನುವವರು ಈ ಹಾಳೆ ಬರೆದ ಮೇಲೆ ಆ ಮಾತು ಆಡುವುದು ಅಪರೂಪ.

ಹಂತ 2: ಒಂದು ಗಂಟೆಯ ಆಟಕ್ಕೆ ತಗಲುವ ಖರ್ಚು

ಪ್ರತಿ ಆಟದಲ್ಲೂ ಆಡಿಸುವವರ ಪಾಲು ಮೊದಲೇ ಕೂತಿರುತ್ತದೆ. ಇದನ್ನು 'ಹೌಸ್ ಎಡ್ಜ್' ಎನ್ನುತ್ತಾರೆ: ನೀವು ಕಟ್ಟಿದ ಪ್ರತಿ ನೂರರಲ್ಲಿ ಸರಾಸರಿ ಅವರಿಗೆ ಉಳಿಯುವ ಅಂಶ. ಯಾವ ದೇಶದ ಹಣಕ್ಕೂ ಹೊಂದುವಂತೆ ಇಲ್ಲಿ 'ಬಿಲ್ಲೆ' ಎಂಬ ಲೆಕ್ಕದಲ್ಲಿ ನೋಡೋಣ.

ರೂಲೆಟ್ ಎಂದರೆ ತಿರುಗುವ ಚಕ್ರದ ಯಾವ ಮನೆಯಲ್ಲಿ ಚೆಂಡು ನಿಲ್ಲುತ್ತದೆಂದು ಊಹಿಸುವ ಆಟ. ಚಕ್ರದಲ್ಲಿ 37 ಮನೆ. 1ರಿಂದ 36 (ಅರ್ಧ ಕೆಂಪು, ಅರ್ಧ ಕಪ್ಪು), ಜೊತೆಗೆ ಒಂದು ಸೊನ್ನೆ. ಒಂದು ಸಂಖ್ಯೆ ಸರಿಯಾಗಿ ಹೇಳಿದರೆ ಕಟ್ಟಿದ್ದರ ಜೊತೆಗೆ ಅದರ 35 ಪಟ್ಟು ಕೊಡುತ್ತಾರೆ. ನ್ಯಾಯವಾಗಿ 36 ಪಟ್ಟು ಕೊಡಬೇಕಿತ್ತು. ಆ ಕೊರತೆಯೇ ಅವರ ಪಾಲು: 37ರಲ್ಲಿ 1, ಅಂದರೆ ಶೇ. 2.7. ಎರಡು ಸೊನ್ನೆ ಇರುವ ಅಮೆರಿಕನ್ ಚಕ್ರದಲ್ಲಿ ಅದು ಶೇ. 5.26.

ಸೂತ್ರ ಸುಲಭ: ಒಂದು ಪಣದ ಮೊತ್ತ × ಗಂಟೆಗೆ ಎಷ್ಟು ಪಣ × ಅವರ ಪಾಲು. ಮೇಜಿನ ರೂಲೆಟ್‌ನಲ್ಲಿ ಗಂಟೆಗೆ 40 ಸುತ್ತು ಹಿಡಿಯಿರಿ, ಸುತ್ತಿಗೆ 10 ಬಿಲ್ಲೆ. ಕಟ್ಟಿದ್ದು ಒಟ್ಟು 400, ಸರಾಸರಿ ಖರ್ಚು ಸುಮಾರು 11 ಬಿಲ್ಲೆ. ಈಗ ಫೋನಿನಲ್ಲಿ ಸ್ಲಾಟ್ ಆಟ, ಗುಂಡಿ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವಂಥದ್ದು. ಸುತ್ತಿಗೆ ಬರೀ 1 ಬಿಲ್ಲೆ, ಆದರೆ 6 ಸೆಕೆಂಡಿಗೊಂದು ಸುತ್ತು. ಗಂಟೆಗೆ 600 ಬಿಲ್ಲೆ ಕಟ್ಟಿದಂತಾಯಿತು. ಅವರ ಪಾಲು ಶೇ. 5 ಇದ್ದರೆ ಖರ್ಚು 30 ಬಿಲ್ಲೆ. ಪಣ ಹತ್ತನೇ ಒಂದು ಪಾಲು, ಖರ್ಚು ಮೂರು ಪಟ್ಟು. ಜೇಬಿಗೆ ಹೊಡೆತ ಕೊಡುವುದು ಪಣದ ಗಾತ್ರಕ್ಕಿಂತ ಹೆಚ್ಚಾಗಿ ಆಟದ ವೇಗ. ಇವೆಲ್ಲ ಸರಾಸರಿಗಳು. ಒಂದು ರಾತ್ರಿ ಇದಕ್ಕಿಂತ ಬಹಳ ಮೇಲೂ ಕೆಳಗೂ ಹೋಗಬಹುದು, ಆದರೆ ಆಟ ಹೆಚ್ಚಿದಷ್ಟೂ ಸೋಲಿನ ಪ್ರಮಾಣ ಈ ಅಂಕಿಯ ಹತ್ತಿರಕ್ಕೇ ಬರುತ್ತದೆ.

"ಶೇ. 95 ವಾಪಸ್" ಎಂಬ ಬರಹ ನೋಡಿ 100 ಹಾಕಿದರೆ 95 ಉಳಿಯುತ್ತದೆ ಎಂದುಕೊಳ್ಳಬೇಡಿ. ಅದು ಪ್ರತಿ ಸಲ ಕಟ್ಟುವ ಹಣಕ್ಕೆ ಅನ್ವಯ. ಬಂದದ್ದನ್ನೇ ಮತ್ತೆ ಕಟ್ಟುತ್ತ ಹೋದರೆ 10 ಸಲ ಕೈ ಬದಲಾಯಿಸುವ ಹೊತ್ತಿಗೆ 100 ಸರಾಸರಿ 60ಕ್ಕೆ ಇಳಿದಿರುತ್ತದೆ, 20 ಸಲಕ್ಕೆ 36ಕ್ಕೆ.

ಕ್ರೀಡೆಯ ಬೆಟ್ಟಿಂಗ್‌ನಲ್ಲಿ "ನನಗೆ ಆಟ ಗೊತ್ತು" ಎಂಬ ಧೈರ್ಯ ಇರುತ್ತದೆ. ಸಮಬಲದ ಎರಡು ತಂಡಗಳಿಗೆ ತಲಾ 1.90 ದರ (1 ಕಟ್ಟಿ ಗೆದ್ದರೆ ಒಟ್ಟು 1.90 ವಾಪಸ್) ಕೊಟ್ಟಿದ್ದಾರೆ ಎನ್ನಿ. ಕಟ್ಟಿದ ಹಣ ಕೈ ಬಿಡದಿರಬೇಕಾದರೆ ನಿಮ್ಮ ಊಹೆ 100ಕ್ಕೆ 52.6ಕ್ಕಿಂತ ಹೆಚ್ಚು ಸಲ ಸರಿಯಾಗಬೇಕು. ಒಂದು ವಾರವಲ್ಲ, ವರ್ಷಗಟ್ಟಲೆ. ನಾಲ್ಕೂ ಗೆದ್ದರೆ ಮಾತ್ರ ಹಣ ಬರುವಂತೆ ಇಂಥ ನಾಲ್ಕು ಪಂದ್ಯ ಒಟ್ಟಿಗೆ ಪೋಣಿಸಿ ಕಟ್ಟಿದರೆ ಅವರ ಪಾಲು ಶೇ. 5ರಿಂದ ಶೇ. 18.5ಕ್ಕೆ ಏರುತ್ತದೆ. ಲಾಟರಿಗೆ ಇಷ್ಟು ಲೆಕ್ಕವೂ ಬೇಡ. 49ರಲ್ಲಿ 6 ಸಂಖ್ಯೆ ಹೇಳುವ ಆಟದಲ್ಲಿ ಮೊದಲ ಬಹುಮಾನದ ಸಾಧ್ಯತೆ 1,39,83,816ರಲ್ಲಿ ಒಂದು.

ಬೋನಸ್ ಎಂಬ ಬಳುವಳಿಯ ಕೆಳಗಿನ ಸಣ್ಣ ಅಕ್ಷರ ಓದಿ. "1,000 ಬೋನಸ್, 30 ಪಟ್ಟು ಆಡಬೇಕು" ಎಂದರೆ 30,000 ಕಟ್ಟಿದ ಮೇಲೆಯೇ ಹಣ ತೆಗೆಯಬಹುದು. ಅವರ ಪಾಲು ಶೇ. 5 ಇದ್ದರೆ ಅಷ್ಟರಲ್ಲಿ ಸರಾಸರಿ 1,500 ಹೋಗಿರುತ್ತದೆ. ಕೊಟ್ಟದ್ದು 1,000.

ಹಂತ 3: ಮೂರು ಮಿತಿ, ಬರಹದಲ್ಲಿ

ಹಣ, ದಿನ, ಹೊತ್ತು. ಕೆನಡಾದ ವ್ಯಸನ ಸಂಶೋಧನಾ ಕೇಂದ್ರ 2021ರಲ್ಲಿ ಕೊಟ್ಟ ಕಡಿಮೆ ಅಪಾಯದ ಮಾರ್ಗಸೂಚಿ ಒಳ್ಳೆಯ ಅಳತೆಗೋಲು: ಮನೆಯ ತಿಂಗಳ ಒಟ್ಟು ಆದಾಯದ ಶೇ. 1ಕ್ಕಿಂತ ಹೆಚ್ಚು ಕಟ್ಟಬಾರದು, ತಿಂಗಳಿಗೆ 4 ದಿನಕ್ಕಿಂತ ಹೆಚ್ಚು ಆಡಬಾರದು, ಎರಡಕ್ಕಿಂತ ಹೆಚ್ಚು ಬಗೆಯ ಜೂಜನ್ನು ರೂಢಿ ಮಾಡಿಕೊಳ್ಳಬಾರದು. ಮೂರೂ ಒಟ್ಟಿಗೆ. ಒಂದನ್ನು ಪಾಲಿಸಿ ಎರಡನ್ನು ಮೀರಿದರೆ ಲೆಕ್ಕಕ್ಕಿಲ್ಲ. ಶೇ. 1 ಎನ್ನುವುದು ಮೇಲಿನ ಗಡಿ. ಬಾಡಿಗೆ, ಶಾಲಾ ಶುಲ್ಕ, ಸಾಲದ ಕಂತು ಕಟ್ಟಿ ಏನೂ ಉಳಿಯದಿದ್ದರೆ ನಿಮ್ಮ ಮಿತಿ ಸೊನ್ನೆ.

ಮಿತಿಯ ಹಣವನ್ನು ಬೇರೆ ಇಡಿ. ನೇರವಾಗಿ ಹೋಗಿ ಆಡುವವರು ನಗದು ಮಾತ್ರ ಒಯ್ಯಿರಿ, ಕಾರ್ಡು ಮನೆಯಲ್ಲೇ ಬಿಡಿ. ಆ್ಯಪ್‌ನಲ್ಲಿ ಆಡುವವರು 'ಡೆಪಾಸಿಟ್ ಮಿತಿ' ಹಾಕಿ. ಪರವಾನಗಿ ಇರುವ ಬಹಳಷ್ಟು ಕಡೆ ಈ ಮಿತಿಯನ್ನು ಇಳಿಸಿದರೆ ತಕ್ಷಣ ಜಾರಿಯಾಗುತ್ತದೆ, ಏರಿಸಿದರೆ ಕಾಯಬೇಕು. ಆ ಕಾಯುವಿಕೆಯೇ ನಿಮ್ಮ ಕಾವಲು. ಇಂಥ ಮಿತಿಯ ಸೌಲಭ್ಯವೇ ಇಲ್ಲದ ಆ್ಯಪ್‌ನಲ್ಲಿ ಆಡಬೇಡಿ. ನಿಲ್ಲಿಸಲು ಬಿಡದವರು ಗೆದ್ದ ಹಣ ಕೊಡುತ್ತಾರೆಂಬ ಭರವಸೆಯೂ ಇಲ್ಲ.

ಹೊತ್ತಿಗೆ ಫೋನಿನ ಅಲಾರಂ ಇಡಿ, ಅದನ್ನು ಕೈಗೆಟುಕದ ದೂರದಲ್ಲಿ ಇಡಿ. ಎದ್ದು ಹೋಗಿ ಆರಿಸಬೇಕು. ಎದ್ದ ಮೇಲೆ ಮತ್ತೆ ಕೂರುವುದಕ್ಕಿಂತ ಕೂತಲ್ಲೇ ಮುಂದುವರಿಸುವುದು ಬಹಳ ಸುಲಭ, ಅದಕ್ಕೇ ಈ ಉಪಾಯ.

ಗೆಲುವಿಗೂ ಮಿತಿ ಬೇಕೆ? ಬೇಕು, ಆದರೆ ಕಾರಣ ತಿಳಿದಿರಲಿ. "ದುಪ್ಪಟ್ಟಾದರೆ ಏಳುತ್ತೇನೆ" ಎಂಬ ನಿಯಮ ಅವರ ಪಾಲನ್ನು ಒಂದು ಚೂರೂ ಕಡಿಮೆ ಮಾಡುವುದಿಲ್ಲ. ನೀವು ಕಟ್ಟುವ ಒಟ್ಟು ಮೊತ್ತವನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಅಷ್ಟೇ ಸಾಕು ಕೂಡ. ಗೆದ್ದದ್ದನ್ನು ಅಂದೇ ಬ್ಯಾಂಕಿಗೆ ಹಾಕಿ. ಆ್ಯಪ್‌ನಲ್ಲಿ 'ವಿತ್‌ಡ್ರಾ' ಒತ್ತಿದ ಮೇಲೆ ಹಣ ಬರಲು ಒಂದೆರಡು ದಿನ ಹಿಡಿದರೆ, ಆ ನಡುವೆ "ರದ್ದು ಮಾಡಿ ಆಟ ಮುಂದುವರಿಸಿ" ಎಂಬ ಬಟನ್ ಹಲವು ಕಡೆ ಕಾಣಿಸುತ್ತಿರುತ್ತದೆ. ಗೆದ್ದ ಹಣ ಬಹಳ ಸಲ ಆ ಬಟನ್ನಿನಲ್ಲೇ ಕರಗುತ್ತದೆ. ಹಣ ಖಾತೆಗೆ ಬರುವವರೆಗೆ ಆ್ಯಪ್ ಅಳಿಸಿಡಿ.

ಹಂತ 4: ಆಡುವಾಗ ಏಳಬೇಕಾದ ಗಳಿಗೆಗಳು

ಮಿತಿ ಮುಟ್ಟುವ ಮೊದಲೇ ಏಳಬೇಕಾದ ಸಂದರ್ಭಗಳೂ ಇವೆ. ಕುಡಿದಿದ್ದೀರಿ. ಜಗಳವಾಡಿ ಬಂದು ಕೂತಿದ್ದೀರಿ. ಯಾರೋ ಫೋನ್ ಮಾಡಿದರೆ "ಕೆಲಸದಲ್ಲಿದ್ದೇನೆ" ಎಂದಿರಿ. ಪಣದ ಮೊತ್ತ ಶುರುವಿನದಕ್ಕಿಂತ ದುಪ್ಪಟ್ಟಾಗಿದೆ. ಇವುಗಳಲ್ಲಿ ಒಂದು ಸಾಕು.

ಎಲ್ಲಕ್ಕಿಂತ ಅಪಾಯದ್ದು ಕಳೆದದ್ದನ್ನು ಬೆನ್ನಟ್ಟುವುದು, ಅಂದರೆ ಹೋದ ಹಣ ತರಲೆಂದೇ ಮತ್ತೆ ಕಟ್ಟುವುದು. ಇದು ದಡ್ಡರು ಮಾತ್ರ ಮಾಡುವ ಕೆಲಸವಲ್ಲ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್‌ಕಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಆಯ್ಕೆ ಕೊಟ್ಟಿದ್ದರು: ಖಚಿತವಾಗಿ 3,000 ಕಳೆದುಕೊಳ್ಳುತ್ತೀರಾ, ಇಲ್ಲ 4,000 ಕಳೆದುಕೊಳ್ಳುವ ಶೇ. 80ರ ಸಾಧ್ಯತೆಗೆ ಒಡ್ಡಿಕೊಳ್ಳುತ್ತೀರಾ? ಎರಡನೆಯದರ ಸರಾಸರಿ ನಷ್ಟ 3,200, ಅಂದರೆ ಹೆಚ್ಚು. ಆದರೂ ಶೇ. 92ರಷ್ಟು ಜನ ಅದನ್ನೇ ಆರಿಸಿದರು. ನಷ್ಟದಲ್ಲಿರುವ ಮನಸ್ಸು ನಷ್ಟವನ್ನು ಒಪ್ಪಿಕೊಳ್ಳುವುದಕ್ಕಿಂತ ದೊಡ್ಡ ನಷ್ಟದ ಬಾಯಿಗೆ ಹೋಗುವುದನ್ನೇ ಮೇಲೆನ್ನುತ್ತದೆ. "ಮುಳುಗಿದವನಿಗೆ ಚಳಿಯೇನು, ಮಳೆಯೇನು" ಎಂಬ ಮಾತು ಒಳಗಿನಿಂದ ಕೇಳಿಸಿದ ಕ್ಷಣ ಏಳಿ.

ಇನ್ನೊಂದು ಬಲೆ "ಇಷ್ಟು ಹೊತ್ತು ಬಂದಿಲ್ಲ, ಈಗ ಬರಲೇಬೇಕು" ಎಂಬ ನಂಬಿಕೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋ ಕ್ಯಾಸಿನೊದಲ್ಲಿ ರೂಲೆಟ್ ಚೆಂಡು ಸತತ 26 ಸಲ ಕಪ್ಪು ಮನೆಯಲ್ಲೇ ಕೂತಿತು. ಕೆಂಪು ಬರಲೇಬೇಕೆಂದು ಹಣ ಏರಿಸುತ್ತ ಹೋದವರು ಭಾರಿ ಮೊತ್ತ ಕಳೆದುಕೊಂಡರು. ಚಕ್ರಕ್ಕೆ ಹಿಂದಿನ ಸುತ್ತಿನ ನೆನಪಿಲ್ಲ. ಒಂದೇ ಸೊನ್ನೆಯ ಚಕ್ರವಾದರೆ 27ನೇ ಸುತ್ತಿನಲ್ಲೂ ಕೆಂಪಿನ ಸಾಧ್ಯತೆ 37ರಲ್ಲಿ 18, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ಸೋತಾಗಲೆಲ್ಲ ದುಪ್ಪಟ್ಟು ಕಟ್ಟು" ಎಂಬ ಉಪಾಯಕ್ಕೆ 'ಮಾರ್ಟಿಂಗೇಲ್' ಎಂದು ಹೆಸರು. 1, 2, 4, 8, 16, 32, 64. ಏಳು ಸಲ ಸೋತರೆ ಹೋದದ್ದು 127 ಬಿಲ್ಲೆ, ಎಂಟನೆಯದಕ್ಕೆ 128 ಬೇಕು. ಅದು ಗೆದ್ದರೂ ಲಾಭ 1 ಬಿಲ್ಲೆ. ಸತತ ಏಳು ಸೋಲು ಅಪರೂಪವೆನ್ನುತ್ತೀರಾ? ಒಂದೇ ಸೊನ್ನೆಯ ರೂಲೆಟ್‌ನಲ್ಲಿ ಕೆಂಪು ಅಥವಾ ಕಪ್ಪಿನ ಮೇಲೆ ಕಟ್ಟಿದರೆ, 1 ಬಿಲ್ಲೆಯಿಂದ ಶುರುವಾಗುವ ಪ್ರತಿ 106 ಸರಣಿಗೆ ಸುಮಾರು ಒಂದು, ಎಂದರೆ ಗಂಟೆಗೆ 40 ಸುತ್ತಿನಂತೆ ಐದಾರು ಗಂಟೆಯ ಆಟಕ್ಕೆ ಸರಾಸರಿ ಒಮ್ಮೆ. ಮೇಜಿನ ಗರಿಷ್ಠ ಪಣದ ಮಿತಿಯೂ ಅಷ್ಟರಲ್ಲಿ ಅಡ್ಡ ಬರುತ್ತದೆ.

ಸ್ಲಾಟ್ ಯಂತ್ರದ ಸದ್ದಿಗೂ ಕಿವಿಗೊಡಬೇಡಿ. ಚಿತ್ರಗಳ 20 ಸಾಲಿಗೆ 20 ಬಿಲ್ಲೆ ಕಟ್ಟಿದ್ದೀರಿ, ಒಂದು ಸಾಲಿಗೆ 8 ಬಂತು. ಗಂಟೆ ಬಾರಿಸಿತು, ದೀಪ ಮಿನುಗಿತು, "ಗೆಲುವು" ಎಂದು ಬಂತು. ಹೋದದ್ದು 12. ಮೂರರಲ್ಲಿ ಎರಡು ಚಿತ್ರ ಹೊಂದಿ ಮೂರನೆಯದು ಒಂದೇ ಮನೆ ಕೆಳಗೆ ನಿಂತರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನಿಸುತ್ತದೆ. ತುತ್ತು ಕೈಗೇ ಬಂದಿರಲಿಲ್ಲ. ಗುಂಡಿ ಒತ್ತಿದ ಕ್ಷಣವೇ ಫಲಿತಾಂಶ ನಿರ್ಧಾರವಾಗಿರುತ್ತದೆ, ಚಿತ್ರ ತಿರುಗುವುದು ತೋರಿಕೆಗೆ.

ಏಳುವ ಕ್ರಮ: ಈ ಸುತ್ತು ಮುಗಿಯಲಿ ಎನ್ನದೆ ಕೈ ತೆಗೆಯಿರಿ, ಉಳಿದದ್ದನ್ನು ನಗದು ಮಾಡಿಸಿ ಅಥವಾ ಖಾತೆಗೆ ಕಳುಹಿಸಿ, ಜಾಗ ಬಿಟ್ಟು ಹೊರಗೆ ಹೋಗಿ. ಕೊನೆಯದನ್ನು ಬಿಟ್ಟರೆ ಮೊದಲೆರಡು ಉಪಯೋಗವಿಲ್ಲ.

ಹಂತ 5: ಮಿತಿ ಸಾಕೇ, ಪೂರ್ತಿ ಬಿಡಬೇಕೇ

ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ (2013) ಜೂಜಿನ ಗೀಳನ್ನು ಮದ್ಯ, ಮಾದಕ ವ್ಯಸನಗಳ ಸಾಲಿನಲ್ಲೇ ಇಟ್ಟಿದೆ. ಅದು ಕೇಳುವ 9 ಲಕ್ಷಣಗಳನ್ನು ಸರಳ ಮಾತಿನಲ್ಲಿ ಕೊಟ್ಟಿದ್ದೇವೆ. ಕಳೆದ 12 ತಿಂಗಳಿಗೆ ಅನ್ವಯಿಸಿ, ಹೌದು-ಅಲ್ಲ ಬರೆಯಿರಿ.

ಮೊದಲಿನ ಮಜಾ ಬರಲು ಈಗ ಹೆಚ್ಚು ಹಣ ಕಟ್ಟಬೇಕಾಗಿದೆ. ಕಡಿಮೆ ಮಾಡಲು ಹೋದರೆ ಚಡಪಡಿಕೆ, ಸಿಡುಕು. ಬಿಡಲು ಪದೇ ಪದೇ ಯತ್ನಿಸಿ ಸೋತಿದ್ದೀರಿ. ಸದಾ ಅದೇ ಯೋಚನೆ: ಹಿಂದಿನ ಆಟ, ಮುಂದಿನ ಆಟ, ಹಣ ಹೊಂದಿಸುವ ದಾರಿ. ಬೇಜಾರು, ಆತಂಕ, ಪಾಪಪ್ರಜ್ಞೆ ಬಂದಾಗ ಆಡುತ್ತೀರಿ. ಸೋತದ್ದನ್ನು ತರಲು ಇನ್ನೊಂದು ದಿನ ಮತ್ತೆ ಹೋಗುತ್ತೀರಿ. ಎಷ್ಟು ಆಡುತ್ತೀರೆಂದು ಮನೆಯವರಿಗೆ ಸುಳ್ಳು ಹೇಳುತ್ತೀರಿ. ಇದರಿಂದ ಸಂಬಂಧವೋ ಕೆಲಸವೋ ಓದೋ ಕೈತಪ್ಪಿದೆ ಅಥವಾ ತಪ್ಪುವುದರಲ್ಲಿದೆ. ಆಟ ತಂದ ಹಣದ ಬಿಕ್ಕಟ್ಟಿನಿಂದ ಪಾರಾಗಲು ಬೇರೆಯವರ ಮುಂದೆ ಕೈಚಾಚಿದ್ದೀರಿ.

4 ಅಥವಾ 5 ಹೌದು ಬಂದರೆ ಸೌಮ್ಯ, 6–7 ಮಧ್ಯಮ, 8–9 ತೀವ್ರ. ರೋಗನಿರ್ಣಯ ವೈದ್ಯರ ಕೆಲಸ, ನಿಮ್ಮ ಕೈಯಲ್ಲಿರುವುದು ಸೂಚನೆ ಮಾತ್ರ. ಆದರೆ 4 ಅಥವಾ ಹೆಚ್ಚು ಹೌದು ಬಂದವರಿಗೆ ನಮ್ಮ ಸಲಹೆ ಖಡಾಖಂಡಿತ: ಮಿತಿ ಬೇಡ, ಪೂರ್ತಿ ಬಿಡಿ. ಎರಡೇ ಹೌದು ಬಂದಿದ್ದರೂ ಅದರಲ್ಲಿ ಒಂದು ಸುಳ್ಳು, ಇನ್ನೊಂದು ಬೆನ್ನಟ್ಟುವಿಕೆ ಆಗಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಂತ 6: ಬೀಗ ಹಾಕುವುದು, ಇದೇ ಕ್ರಮದಲ್ಲಿ

ಮೊದಲು ಖಾತೆಗಳಲ್ಲಿ ಉಳಿದ ಹಣ ತೆಗೆಯಿರಿ. ಬೀಗ ಹಾಕಿದ ಮೇಲೆ ತೆಗೆಯಲು ಒಳಗೆ ಹೋಗಬೇಕಾಗಿ ಬಂದರೆ ಅದೇ ನೆಪವಾಗುತ್ತದೆ.

ಆಮೇಲೆ 'ಸೆಲ್ಫ್ ಎಕ್ಸ್‌ಕ್ಲೂಷನ್', ಅಂದರೆ ನನ್ನನ್ನು ಒಳಗೆ ಬಿಡಬೇಡಿ ಎಂದು ನೀವೇ ಬರೆದುಕೊಡುವುದು. 6 ತಿಂಗಳು, 1 ವರ್ಷ, 5 ವರ್ಷ ಹೀಗೆ ಅವಧಿಗಳಿರುತ್ತವೆ. ಇರುವುದರಲ್ಲಿ ಉದ್ದನೆಯದನ್ನು ಆರಿಸಿ. ಒಂದೆರಡು ದಿನದ 'ಟೈಮ್ ಔಟ್' ಬೇರೆ, ಅದಕ್ಕೆ ಮೋಸಹೋಗಬೇಡಿ. ಖಾತೆ 'ಕ್ಲೋಸ್' ಮಾಡುವುದೂ ಬೇರೆ, ಅದನ್ನು ಎರಡು ನಿಮಿಷದಲ್ಲಿ ಮತ್ತೆ ತೆರೆಯಬಹುದು. ಪ್ರತಿ ಆ್ಯಪ್‌ಗೂ ಒಂದೇ ದಿನ ಮಾಡಿ ಮುಗಿಸಿ. ಒಂದು ಉಳಿದರೆ ಎಲ್ಲ ಹಣವೂ ಆ ಒಂದಕ್ಕೇ ಹರಿಯುತ್ತದೆ.

ಮೂರನೆಯದು ಫೋನು, ಕಂಪ್ಯೂಟರಿಗೆ ತಡೆ ತಂತ್ರಾಂಶ. ಬೆಟ್‌ಬ್ಲಾಕರ್ ಉಚಿತ, ಗ್ಯಾಮ್‌ಬ್ಯಾನ್‌ಗೆ ಚಂದಾ ಇದೆ. ಹಳೆಯ ಫೋನು, ಟ್ಯಾಬ್ ಮೂಲೆಯಲ್ಲಿ ಬಿದ್ದಿದ್ದರೆ ಅದಕ್ಕೂ ಹಾಕಿ. ನಾಲ್ಕನೆಯದು ಬ್ಯಾಂಕು: ಜೂಜಿನ ಪಾವತಿ ತಡೆಯುವ ಸೌಲಭ್ಯ ಇದ್ದರೆ ಹಾಕಿಸಿ, ಇಲ್ಲದಿದ್ದರೆ ದಿನದ ಪಾವತಿ ಮಿತಿ ಇಳಿಸಿ, ಕ್ರೆಡಿಟ್ ಕಾರ್ಡ್ ಮರಳಿಸಿ. ಕೊನೆಗೆ ಜಾಹೀರಾತಿನ ಸಂದೇಶಗಳು, 'ಟಿಪ್ಸ್' ಕೊಡುವ ಗುಂಪುಗಳಿಂದ ಹೊರಬನ್ನಿ. "ನಿಷೇಧ ಇದ್ದವರಿಗೂ ಇಲ್ಲಿ ಅವಕಾಶ" ಎಂದು ಕರೆಯುವ ತಾಣಗಳಿವೆ. ಅವುಗಳ ಗಿರಾಕಿ ನಿಮ್ಮಂಥವರೇ.

ಹಂತ 7: ಮೊದಲ ವಾರಗಳು

ತುಡಿತ ಬಂದೇ ಬರುತ್ತದೆ. ಅದು ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಆ ಅರ್ಧ ಗಂಟೆಗೆ ಏನು ಮಾಡುವುದೆಂದು ಮೊದಲೇ ಬರೆದಿಡಿ: ಯಾರಿಗೆ ಫೋನ್, ಯಾವ ಕಡೆ ನಡಿಗೆ. ಸಂಬಳ ಬರುವ ದಿನ ಅತ್ಯಂತ ಕಷ್ಟದ್ದು. ಅಂದು ಬೆಳಿಗ್ಗೆಯೇ ಬಿಲ್ಲುಗಳು ತಾನಾಗಿ ಪಾವತಿಯಾಗಿ, ಉಳಿದದ್ದು ನಂಬಿಕಸ್ಥರ ಉಸ್ತುವಾರಿಗೆ ಹೋಗುವಂತೆ ಮಾಡಿ.

ಸಾಲಗಳ ಪಟ್ಟಿ ಪೂರ್ತಿ ಬರೆಯಿರಿ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು. ಅರ್ಧ ಹೇಳಿ ಅರ್ಧ ಮುಚ್ಚಿಡುವುದು ಎಲ್ಲರೂ ಮಾಡುವ ತಪ್ಪು. ಮುಚ್ಚಿಟ್ಟ ಆ ಅರ್ಧವನ್ನು ಗುಟ್ಟಾಗಿ ತೀರಿಸಲು ಮತ್ತೆ ಆಟಕ್ಕೇ ಹೋಗಬೇಕಾಗುತ್ತದೆ.

ಮನೆಯವರಿಗೆ ಒಂದು ಮಾತು. ಒಡವೆ ಅಡವಿಟ್ಟು ಸಾಲವನ್ನೆಲ್ಲ ಒಂದೇ ಏಟಿಗೆ ತೀರಿಸಿ ಕೈತೊಳೆದುಕೊಳ್ಳಬೇಡಿ. ಹಳೆಯ ಸಾಲ ತೀರಿದಷ್ಟೂ ಹೊಸ ಸಾಲ ತೆಗೆದು ಆಡಲು ಜಾಗ ತೆರೆದಂತೆ. ಸಾಲ ಕೊಟ್ಟವರೊಡನೆ ಕಂತು ಮಾತಾಡಿ, ಹಣವನ್ನು ಅವರಿಗೇ ನೇರ ಕೊಡಿ, ಆಡುವವರ ಕೈಗೆ ಬೇಡ.

ವೃತ್ತಿಪರ ನೆರವಿನಲ್ಲಿ ಹೆಚ್ಚು ಪರೀಕ್ಷೆಗೊಳಪಟ್ಟದ್ದು ಸಿಬಿಟಿ, ಎಂದರೆ ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಗುರುತಿಸಿ ತಿದ್ದುವ ಚಿಕಿತ್ಸೆ. 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ, ಜೂಜು ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಗ್ಯಾಂಬ್ಲರ್ಸ್ ಅನಾನಿಮಸ್‌ನ ಸಭೆಗಳಿಗೆ ಶುಲ್ಕವಿಲ್ಲ, ಆನ್‌ಲೈನ್ ಸಭೆಗಳೂ ನಡೆಯುತ್ತವೆ. ಸಾಲದ ಒತ್ತಡದಲ್ಲಿ ಸಾಯುವ ಯೋಚನೆ ಸುಳಿದರೆ ಮೇಲಿನ ಯಾವ ಹಂತಕ್ಕೂ ಕಾಯಬೇಡಿ. ಒಬ್ಬರೇ ಇರಬೇಡಿ, ಹತ್ತಿರದವರಿಗೆ ಅದೇ ಮಾತಿನಲ್ಲಿ ಹೇಳಿ, ಆಸ್ಪತ್ರೆಗೋ ಸಹಾಯವಾಣಿಗೋ ಅಂದೇ ತಲುಪಿ.

ನಡುವೆ ಎಡವಿದರೆ "ಹೇಗೂ ಹೋಯಿತು" ಎಂದು ಆ ರಾತ್ರಿಯೆಲ್ಲ ಆಡುವುದು ಎಡವಿದ್ದಕ್ಕಿಂತ ದೊಡ್ಡ ಹೊಡೆತ. ಅಲ್ಲಿಗೇ ನಿಲ್ಲಿಸಿ, ನಂಬಿಕಸ್ಥರಿಗೆ 24 ಗಂಟೆಯೊಳಗೆ ತಿಳಿಸಿ. ಹಾಳೆಯಲ್ಲಿ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಹೊತ್ತಿಗೆ, ಯಾವ ಫೋನಿನಿಂದ, ಹಣ ಎಲ್ಲಿಂದ ಬಂತು, ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಏನಾಗಿತ್ತು. 6ನೇ ಹಂತದ ಯಾವ ಬೀಗದಲ್ಲಿ ಕಿಂಡಿ ಉಳಿದಿತ್ತೆಂಬುದು ಈ ನಾಲ್ಕರಲ್ಲಿ ಒಂದರಲ್ಲಿ ಸಿಗುತ್ತದೆ. ಅದನ್ನು ಅಂದೇ ಮುಚ್ಚಿ.